ಕಳಿಸಿದ್ದು ಪೂರ್ತಿ ತಲುಪಿತೇ? ದೊಡ್ಡ ಫೈಲುಗಳ ಬಗ್ಗೆ ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ: ಫೈಲು ದೊಡ್ಡದು, ದಾರಿ ಸಣ್ಣದು. ‘ಯಾವ ಆ್ಯಪ್ ಒಳ್ಳೆಯದು’ ಎಂದು ಬಹಳ ಮಂದಿ ಕೇಳಿದ್ದೀರಿ. ಆ್ಯಪ್ ಆಮೇಲಿನ ಮಾತು. ಎಷ್ಟು ಜಿಬಿ ಇದೆ, ನಿಮ್ಮ ಲೈನಿನ ಅಪ್‌ಲೋಡ್ ವೇಗ ಎಷ್ಟು, ಆ ಕಡೆಯವರಿಗೆ ನಿಜವಾಗಿ ಬೇಕಾದದ್ದು ಏನು, ತಲುಪಿದೆ ಎಂದು ಯಾರು ಹೇಗೆ ಖಾತ್ರಿ ಮಾಡುತ್ತಾರೆ – ಮೊದಲು ಈ ನಾಲ್ಕು ಗೊತ್ತಿರಬೇಕು.

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ನಮ್ಮದು ಫೋಟೊ ಸ್ಟುಡಿಯೊ. ಒಂದು ಮದುವೆಯ ಫೋಟೊ, ವಿಡಿಯೊ ಸೇರಿ 64 ಜಿಬಿ ಆಗುತ್ತದೆ. ಬೆಂಗಳೂರಿನ ಆಲ್ಬಂ ಡಿಸೈನರ್‌ಗೆ ಕಳಿಸಬೇಕು. ಗೂಗಲ್ ಡ್ರೈವ್‌ನಲ್ಲಿ ದುಡ್ಡು ಕೊಟ್ಟು 100 ಜಿಬಿ ಜಾಗ ತೆಗೆದುಕೊಂಡಿದ್ದೇವೆ. ಕ್ರೋಮ್‌ನಲ್ಲಿ ಹಾಕಿದರೆ ಮುಕ್ಕಾಲು ಪಾಲು ಹೋಗುವಷ್ಟರಲ್ಲಿ ನಿಂತುಬಿಡುತ್ತದೆ. ನಮ್ಮದು 100 ಎಂಬಿಪಿಎಸ್ ಲೈನು, 11 ನಿಮಿಷದಲ್ಲಿ ಮುಗಿಯಬೇಕಲ್ಲವೇ?

11 ನಿಮಿಷದ ಲೆಕ್ಕ ತಪ್ಪಿದ್ದು ಬಿಟ್ ಮತ್ತು ಬೈಟ್‌ಗಳ ನಡುವೆ. ಕಂಪನಿಯವರು ಹೇಳುವ ‘ಎಂಬಿಪಿಎಸ್’ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಫೈಲಿನ ಅಳತೆ ಇರುವುದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಎಂಬಿ. ಲೈನು ಪೂರ್ತಿ ವೇಗದಲ್ಲಿ ಓಡಿದರೂ 64 ಜಿಬಿಗೆ 85 ನಿಮಿಷ ಬೇಕು. ಅದೂ ಅಪ್‌ಲೋಡ್‌ಗೆ 100 ಸಿಕ್ಕರೆ. ಕೇಬಲ್ ಲೈನುಗಳಲ್ಲಿ, ಮೊಬೈಲ್ ಡೇಟಾದಲ್ಲಿ ಡೌನ್‌ಲೋಡ್ ಜೋರಾಗಿದ್ದು ಅಪ್‌ಲೋಡ್ ಅದರ ಒಂದು ಪಾಲು ಮಾತ್ರ ಇರುತ್ತದೆ. ಯಾವುದಾದರೂ ಸ್ಪೀಡ್ ಟೆಸ್ಟ್ ಮಾಡಿ, ಎರಡನೆಯ ಅಂಕಿ ನೋಡಿ. ಅದು 40 ಎಂದು ಬಂದರೆ ಬಾಯಿಲೆಕ್ಕ ಹೀಗೆ: ಜಿಬಿಯನ್ನು 2.2ರಿಂದ ಗುಣಿಸಿ, ಎಂಬಿಪಿಎಸ್‌ನಿಂದ ಭಾಗಿಸಿ, ಬರುವುದು ಗಂಟೆ. 64ಕ್ಕೆ 140.8, ಅದನ್ನು 40ರಿಂದ ಭಾಗಿಸಿದರೆ ಮೂರೂವರೆ ಗಂಟೆ. ಮೇಲೆ ಕಾಲು ಭಾಗ ಸೇರಿಸಿ, ನಾಲ್ಕೂವರೆ ಗಂಟೆ ಎಂದೇ ಇಟ್ಟುಕೊಳ್ಳಿ.

ಇಷ್ಟು ಹೊತ್ತು ಬ್ರೌಸರ್‌ನ ಒಂದು ಟ್ಯಾಬ್ ಅನ್ನು ನಂಬಿ ಕೂರಬಾರದು. ಟ್ಯಾಬ್ ಮುಚ್ಚಿದರೆ, ಲ್ಯಾಪ್‌ಟಾಪ್ ನಿದ್ರೆಗೆ ಹೋದರೆ, ಲಾಗಿನ್ ಅವಧಿ ಮುಗಿದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಗೂಗಲ್‌ನದೇ ‘ಡ್ರೈವ್ ಫಾರ್ ಡೆಸ್ಕ್‌ಟಾಪ್’ ಎಂಬ ಪ್ರೋಗ್ರಾಂ ಇದೆ. ಅದನ್ನು ಹಾಕಿಕೊಂಡು ಫೋಲ್ಡರನ್ನು ಅದಕ್ಕೆ ಒಪ್ಪಿಸಿ. ನೆಟ್ ಹೋಗಿ ಬಂದರೆ ಹೋದ ಫೈಲುಗಳನ್ನು ಬಿಟ್ಟು ಉಳಿದವನ್ನು ತಾನೇ ಮುಂದುವರಿಸುತ್ತದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ಗೆ ಇಡಿ, ಮುಚ್ಚಳ ಹಾಕಿದಾಗ ಏನು ಮಾಡಬೇಕು ಎಂಬಲ್ಲಿ ‘ಡು ನಥಿಂಗ್’ ಆರಿಸಿ. ವೈ-ಫೈ ಬದಲು ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದುಕೊಳ್ಳಿ.

ಹೆಚ್ಚಿನವರು ಮರೆಯುವುದು ರೂಟರನ್ನು. ಕರೆಂಟ್ ಎರಡೇ ಸೆಕೆಂಡ್ ಹೋಗಿ ಬಂದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿರುತ್ತದೆ, ರೂಟರ್ ಮಾತ್ರ ಆಫ್ ಆಗಿ, ಮತ್ತೆ ಎದ್ದು ಲೈನು ಹಿಡಿಯಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ. ಬ್ರೌಸರ್‌ನ ಅಪ್‌ಲೋಡ್ ಸಾಯುವುದು ಆಗಲೇ. ರೂಟರ್‌ಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುಂಚೆ ರೂಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. ಫೈಬರ್ ಬಂದು ಸೇರುವ ಡಬ್ಬ ಬೇರೆ, ವೈ-ಫೈ ಡಬ್ಬ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಕೊಡಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಕೊಟ್ಟದ್ದೂ ದಂಡ.

ಇಷ್ಟೆಲ್ಲ ಹೇಳಿದರೂ ನಿಮಗೆ ಕೊಡಬೇಕಾದ ನಿಜವಾದ ಸಲಹೆ ಬೇರೆ: 64 ಜಿಬಿ ಕಳಿಸಬೇಡಿ. ಡಿಸೈನರ್‌ಗೆ ಬೇಕಿರುವುದು ಆರಿಸಿದ ಫೋಟೊ ಮಾತ್ರ. 3,000 ಫೋಟೊ ಇವೆ ಎನ್ನೋಣ. ಮೊದಲು ಎಲ್ಲವನ್ನೂ ಉದ್ದದ ಬದಿ 2,048 ಪಿಕ್ಸೆಲ್ ಬರುವಂತೆ ಸಣ್ಣದು ಮಾಡಿ, ಒಂದೊಂದೂ 700 ಕೆಬಿ ಆಸುಪಾಸು ಬಂದರೆ ಒಟ್ಟು 2 ಜಿಬಿ ಚಿಲ್ಲರೆ. ಅದನ್ನು ಮದುವೆ ಮನೆಯವರಿಗೆ ಕಳಿಸಿ, ಬೇಕಾದದ್ದರ ನಂಬರ್ ಪಡೆಯಿರಿ. ಸಣ್ಣದು ಮಾಡುವಾಗ ಫೈಲಿನ ಹೆಸರು ಬದಲಾಗದಂತೆ ನೋಡಿಕೊಳ್ಳಿ, ನಂಬರ್ ಹಿಡಿದು ಮೂಲ ಹುಡುಕಬೇಕಲ್ಲ. ಅವರು 300 ಆರಿಸಿದರೆ ಆ 300ರ ಮೂಲ ಜೆಪೆಗ್, ಒಂದಕ್ಕೆ 10 ಎಂಬಿಯಂತೆ, 3 ಜಿಬಿ. ಇದು ಅರ್ಧ ಗಂಟೆಯೊಳಗಿನ ಕೆಲಸ, ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಮುಗಿಯುತ್ತದೆ.

ಡಿಸೈನರ್ ಕಡೆಯ ಒಂದು ಎಡವಟ್ಟನ್ನೂ ತಿಳಿದಿರಿ. ಡ್ರೈವ್‌ನಿಂದ ಫೋಲ್ಡರನ್ನು ಬ್ರೌಸರ್‌ನಲ್ಲಿ ಇಳಿಸಿಕೊಂಡರೆ ಅದು ಒಂದೇ ಜಿಪ್ ಆಗಿ ಬರುವುದಿಲ್ಲ, ಸುಮಾರು 2 ಜಿಬಿಯ ಹಲವು ಜಿಪ್‌ಗಳಾಗಿ ಬರುತ್ತದೆ. ಒಂದೇ ಫೋಲ್ಡರಿನ ಫೋಟೊಗಳು ಮೂರು ನಾಲ್ಕು ಜಿಪ್‌ಗಳಲ್ಲಿ ಹಂಚಿಹೋಗಿರುತ್ತವೆ. ದೊಡ್ಡ ವಿಡಿಯೊಗಳು ಜಿಪ್‌ನ ಹೊರಗೆ ಬೇರೆಯಾಗಿಯೇ ಬರುವುದುಂಟು. ಮೊದಲ ಜಿಪ್ ಮಾತ್ರ ಬಿಚ್ಚಿ ‘ಮುಹೂರ್ತದ ಫೋಟೊಗಳೇ ಇಲ್ಲ’ ಎಂದು ಫೋನ್ ಮಾಡುವವರು ಬಹಳ. ಎಲ್ಲ ಜಿಪ್‌ಗಳನ್ನೂ ಒಂದೇ ಜಾಗಕ್ಕೆ ಬಿಚ್ಚಲು ಹೇಳಿ. ಆಮೇಲೆ ಎರಡೂ ಕಡೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ: ಫೈಲುಗಳ ಸಂಖ್ಯೆ, ‘ಸೈಜ್’ ಎಂಬಲ್ಲಿ ಬ್ರಾಕೆಟ್‌ನೊಳಗಿನ ಬೈಟ್ ಸಂಖ್ಯೆ ಎರಡೂ ಒಂದೇ ಇರಬೇಕು. ಕೆಳಗಿನ ‘ಸೈಜ್ ಆನ್ ಡಿಸ್ಕ್’ ಡಿಸ್ಕಿನಿಂದ ಡಿಸ್ಕಿಗೆ ಬದಲಾಗುತ್ತದೆ, ಅದನ್ನು ಹೋಲಿಸಬೇಡಿ. ಇದು ಹೊಂದುವವರೆಗೆ ಕ್ಯಾಮೆರಾ ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಮಾತೇ ಬೇಡ. ತಾಳಿ ಕಟ್ಟಿದ ಗಳಿಗೆಯನ್ನು ಮತ್ತೊಮ್ಮೆ ತೆಗೆಯಲು ಬರುವುದಿಲ್ಲ.

ಪ್ರಶ್ನೆ: ಫೋಟೊಗಳನ್ನು ಜಿಪ್ ಮಾಡಿದರೂ ಗಾತ್ರ ಕಡಿಮೆಯಾಗುವುದಿಲ್ಲ. ಏಕೆ?

ಜೆಪೆಗ್, ಎಂಪಿ4, ಎಂಪಿ3 ಇವೆಲ್ಲ ಮೊದಲೇ ಹಿಂಡಿಟ್ಟವು. ಹಿಂಡಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬರುವುದಿಲ್ಲ. ವರ್ಡ್, ಎಕ್ಸೆಲ್‌ನ ಈಗಿನ ಫೈಲುಗಳೂ ಒಳಗೆ ಜಿಪ್ ಆಗಿಯೇ ಇರುತ್ತವೆ. ಕುಗ್ಗುವುದು ಹಿಂಡದೆ ಇಟ್ಟ ಟಿಫ್, ಬಿಎಂಪಿ, ವೇವ್ ಆಡಿಯೊ, ಸರಳ ಪಠ್ಯದ ಫೈಲು, ಡೇಟಾಬೇಸಿನ ಬ್ಯಾಕಪ್ ಇಂಥವು. ಹಾಗಿದ್ದರೂ ಸಾವಿರಾರು ಸಣ್ಣ ಫೈಲುಗಳನ್ನು ಒಂದು ಕಟ್ಟಾಗಿ ಕಟ್ಟಲು ಜಿಪ್ ಬೇಕು, ಬಿಡಿಬಿಡಿಯಾಗಿ ಕಳಿಸಿದರೆ ಪ್ರತಿ ಫೈಲಿಗೂ ಸರ್ವರ್ ಜೊತೆ ಮಾತುಕತೆ ನಡೆದು ಸಮಯ ಹೋಗುತ್ತದೆ. ಕಟ್ಟು ಕಟ್ಟುವ 7-ಜಿಪ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಕಂಪ್ರೆಷನ್ ಮಟ್ಟವನ್ನು ‘ಸ್ಟೋರ್’ ಎಂದಿಡಿ. ಹಿಂಡುವ ವ್ಯರ್ಥ ಪ್ರಯತ್ನ ತಪ್ಪಿ, ಕಟ್ಟುವ ಕೆಲಸ ಬೇಗ ಮುಗಿಯುತ್ತದೆ.

ಪ್ರಶ್ನೆ: ಹೊನ್ನಾವರದಲ್ಲಿ ನಡೆದ ಯಕ್ಷಗಾನವನ್ನು, ಮೇಳದವರ ಒಪ್ಪಿಗೆ ಪಡೆದು, ರಾತ್ರಿಯಿಡೀ ರೆಕಾರ್ಡ್ ಮಾಡಿದ್ದೇವೆ. ಆರು ಗಂಟೆ, 38 ಜಿಬಿ. ಅಮೆರಿಕದಲ್ಲಿರುವ ಮಗಳಿಗೆ ಕಳಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಒಂದು ತುಣುಕು ಕಳಿಸಿದರೆ ವೇಷದ ಮುಖವೇ ಮಸುಕು, ಚಂಡೆಯ ಸದ್ದು ಡಬ್ಬ ಬಡಿದ ಹಾಗೆ.

ವಾಟ್ಸ್‌ಆ್ಯಪ್‌ನಲ್ಲಿ ‘ಗ್ಯಾಲರಿ’ಯಿಂದ ವಿಡಿಯೊ ಆರಿಸಿದರೆ ಅದು ತನ್ನ ಅನುಕೂಲಕ್ಕೆ ವಿಡಿಯೊವನ್ನು ಕುಗ್ಗಿಸಿ ಕಳಿಸುತ್ತದೆ. ಅದೇ ಫೈಲನ್ನು ‘ಡಾಕ್ಯುಮೆಂಟ್’ ಎಂದು ಆರಿಸಿದರೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಒಂದು ಫೈಲಿಗೆ 2 ಜಿಬಿ ಮಿತಿ. ಟೆಲಿಗ್ರಾಮ್‌ನಲ್ಲಿಯೂ ಉಚಿತ ಖಾತೆಗೆ 2 ಜಿಬಿಯೇ, ಅಲ್ಲಿಯೂ ‘ಫೈಲ್’ ಎಂದೇ ಕಳಿಸಬೇಕು. ಚಂಡೆ ಹಾಳಾಗಿದ್ದು ಇದೇ ಕುಗ್ಗಿಸುವಿಕೆಯಿಂದ. ಪೆಟ್ಟು ಬಿದ್ದ ಕ್ಷಣದಲ್ಲಿ ಎಲ್ಲ ಸ್ವರಸ್ಥಾನಗಳಲ್ಲೂ ಸದ್ದು ಒಟ್ಟಿಗೆ ಸಿಡಿಯುತ್ತದೆ, ಸೆಕೆಂಡಿಗೆ ಕೆಲವೇ ಬಿಟ್ ಬಳಸುವ ಆಡಿಯೊಗೆ ಅದನ್ನು ಹಿಡಿದಿಡಲು ಆಗುವುದಿಲ್ಲ.

ನಿಮ್ಮ 38 ಜಿಬಿಯನ್ನು ಆರು ಗಂಟೆಗೆ ಹಂಚಿದರೆ ಸೆಕೆಂಡಿಗೆ 14 ಮೆಗಾಬಿಟ್ ಆಗುತ್ತದೆ. ನೋಡುವುದಕ್ಕೆ ಇಷ್ಟು ಬೇಕಿಲ್ಲ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಎಚ್.265 ಎಂಬ ಹಿಂಡುವ ವಿಧಾನ ಆರಿಸಿ, ಗುಣಮಟ್ಟದ ಅಂಕಿಯನ್ನು 22ರ ಹತ್ತಿರ ಇಡಿ. ಈ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಸರಾಸರಿ 4 ಮೆಗಾಬಿಟ್‌ಗೆ ಬಂದರೆ ಒಟ್ಟು ಹತ್ತು ಹನ್ನೊಂದು ಜಿಬಿ ಆಗಿ ಉಚಿತ 15 ಜಿಬಿಯೊಳಗೆ ಕೂರುತ್ತದೆ. ಆ 15 ಜಿಬಿ ಜಿಮೇಲ್, ಗೂಗಲ್ ಫೋಟೊಸ್, ಡ್ರೈವ್ ಮೂರಕ್ಕೂ ಸೇರಿ ಎಂಬುದು ನೆನಪಿರಲಿ. ಕಸದ ಬುಟ್ಟಿಗೆ ಹಾಕಿದ ಫೈಲೂ 30 ದಿನ ಜಾಗ ತಿನ್ನುತ್ತಿರುತ್ತದೆ, ಅದನ್ನು ಖಾಲಿ ಮಾಡಿ. ಆಡಿಯೊ ಭಾಗದಲ್ಲಿ ಎಎಸಿ, 192 ಕೆಬಿಪಿಎಸ್, ಸ್ಟೀರಿಯೊ ಇರಲಿ. ಚಿತ್ರದಲ್ಲಿ ಎಷ್ಟು ಉಳಿಸಿದರೂ ಉಳಿಸಿ, ಸದ್ದಿನಲ್ಲಿ ಉಳಿಸಲು ಹೋಗಬೇಡಿ. ಆರು ಗಂಟೆಗೆ 192ರಿಂದ ಆಗುವುದು ಅರ್ಧ ಜಿಬಿ ಮಾತ್ರ, ಭಾಗವತರ ದನಿಗೆ ಅಷ್ಟಾದರೂ ಸಲ್ಲಬೇಕು.

ರಾತ್ರಿಯ ರಂಗಸ್ಥಳದ ವಿಡಿಯೊದಲ್ಲಿ ಕತ್ತಲಿನ ಭಾಗದಲ್ಲಿ ಸಣ್ಣ ಕಾಳುಕಾಳಾದ ಗದ್ದಲ ಇರುತ್ತದೆ. ಆ ಕಾಳುಗಳನ್ನೂ ಪ್ರೋಗ್ರಾಂ ಉಳಿಸಲು ಹೋಗುವುದರಿಂದ ಫೈಲು ಅಂದಾಜಿಗಿಂತ ಎರಡು ಪಟ್ಟು ಬಂದರೂ ಬರಬಹುದು. ಆದ್ದರಿಂದ ಇಡೀ ರಾತ್ರಿಯನ್ನು ಕೊಡುವ ಮೊದಲು ಎರಡು ನಿಮಿಷದ ತುಂಡು ಮಾಡಿ ನೋಡಿ. ಒಂದು ತುಂಡು ನಿಧಾನದ ಪೀಠಿಕೆಯದು, ಇನ್ನೊಂದು ಯುದ್ಧದ ಕುಣಿತದ್ದು ಇರಲಿ, ಎರಡರ ಗಾತ್ರಕ್ಕೂ ಬಹಳ ವ್ಯತ್ಯಾಸ. ಆರು ಗಂಟೆಯ ಕೆಲಸಕ್ಕೆ ಹಳೆಯ ಲ್ಯಾಪ್‌ಟಾಪ್ ಇಡೀ ಹಗಲು ತೆಗೆದುಕೊಂಡರೂ ಗಾಬರಿ ಬೇಡ. ಮೂಲದ 38 ಜಿಬಿಯನ್ನು ಮಾತ್ರ ಅಳಿಸಬಾರದು, ಹಾರ್ಡ್ ಡಿಸ್ಕ್‌ನಲ್ಲಿ ಎರಡು ಪ್ರತಿ ಇಡಿ.

ಮಗಳಿಗೆ ನೋಡುವುದಷ್ಟೇ ಬೇಕಿದ್ದರೆ ಯೂಟ್ಯೂಬ್‌ಗೆ ‘ಅನ್‌ಲಿಸ್ಟೆಡ್’ ಎಂದು ಹಾಕಿ ಲಿಂಕ್ ಕೊಡಬಹುದು. ಫೋನ್ ನಂಬರ್ ಕೊಟ್ಟು ಖಾತೆಯನ್ನು ದೃಢಪಡಿಸಿದ್ದರೆ 12 ಗಂಟೆ ಅಥವಾ 256 ಜಿಬಿವರೆಗಿನ ವಿಡಿಯೊ ಹಾಕಬಹುದು, ದೃಢಪಡಿಸದಿದ್ದರೆ 15 ನಿಮಿಷ ಮಾತ್ರ. ಆದರೆ ಯೂಟ್ಯೂಬ್ ತನ್ನದೇ ರೀತಿಯಲ್ಲಿ ಮತ್ತೆ ಕುಗ್ಗಿಸುತ್ತದೆ, ಲಿಂಕ್ ತೆರೆದ ಮಗಳಿಗೆ ಮೂಲ ಸಿಗುವುದಿಲ್ಲ. ಅನ್‌ಲಿಸ್ಟೆಡ್ ಎಂದರೆ ಗುಟ್ಟು ಎಂದೂ ಅಲ್ಲ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ಮೇಳದವರ ಒಪ್ಪಿಗೆ ಕೇಳುವಾಗ ಇದನ್ನೂ ಬಿಡಿಸಿ ಹೇಳಿರಬೇಕು.

ಮೂಲ 38 ಜಿಬಿಯೇ ಮಗಳಿಗೆ ಬೇಕು, ಮಧ್ಯೆ ಯಾರ ಸರ್ವರ್‌ನಲ್ಲೂ ಇಡುವುದು ಬೇಡ ಎಂದರೆ ಸಿಂಕ್‌ಥಿಂಗ್ ಎಂಬ ಉಚಿತ ಪ್ರೋಗ್ರಾಂ ಇದೆ. ಎರಡೂ ಕಂಪ್ಯೂಟರ್‌ನಲ್ಲಿ ಹಾಕಿ, ಒಂದರ ಗುರುತಿನ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಟ್ಟು, ಒಂದು ಫೋಲ್ಡರ್ ಹಂಚಿಕೊಳ್ಳಬೇಕು. ಫೈಲನ್ನು ತುಂಡುತುಂಡಾಗಿ ಕಳಿಸಿ ಪ್ರತಿ ತುಂಡನ್ನೂ ಪರೀಕ್ಷಿಸಿಕೊಳ್ಳುತ್ತದೆ, ನಿಂತಲ್ಲಿಂದ ಮುಂದುವರಿಯುತ್ತದೆ. ಎರಡೂ ಕಂಪ್ಯೂಟರ್ ಒಂದೇ ಹೊತ್ತಿಗೆ ಆನ್ ಇರಬೇಕು, ನಮ್ಮ ಹಗಲು ಅವರ ರಾತ್ರಿ ಎಂಬುದನ್ನು ನೋಡಿಕೊಂಡು ಆ ಕಡೆ ರಾತ್ರಿ ಆನ್ ಇಡಲು ಹೇಳಿ. ಮೊಬೈಲ್ ಹಾಟ್‌ಸ್ಪಾಟ್‌ನ ಹಿಂದೆ ಇದ್ದರೆ ನೇರ ಸಂಪರ್ಕ ಸಿಗದೆ ಮಧ್ಯವರ್ತಿ ಸರ್ವರ್ ಮೂಲಕ ಬಹಳ ನಿಧಾನವಾಗಿ ಹೋಗುತ್ತದೆ. ದಿನಕ್ಕೆ ಒಂದೂವರೆ, ಎರಡು ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಇದು ಹೇಗೂ ಆಗದ ಕೆಲಸ.

ಎರಡೂ ಕಡೆ ಜೋರಾದ ಲೈನು ಇದ್ದೂ ಅಮೆರಿಕಕ್ಕೆ ನಿಧಾನ ಏಕೆ ಎಂದರೆ, ದೂರ. ಕಳಿಸುವ ಕಂಪ್ಯೂಟರ್ ಒಂದಿಷ್ಟು ಕಳಿಸಿ ‘ಬಂತು’ ಎಂಬ ಉತ್ತರಕ್ಕೆ ಕಾಯುತ್ತದೆ. ಇಲ್ಲಿಂದ ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡ್ ಹಿಡಿಯುತ್ತದೆ ಎನ್ನಿ. ಒಂದು ಸಲಕ್ಕೆ 64 ಕೆಬಿ ಮಾತ್ರ ಕಳಿಸಿ ಕಾದರೆ ಸೆಕೆಂಡಿಗೆ 256 ಕೆಬಿ, ಅಂದರೆ 2 ಎಂಬಿಪಿಎಸ್‌ಗೆ ಕಟ್ಟಿಹಾಕಿದಂತೆ, ಲೈನು ಎಷ್ಟೇ ದಪ್ಪ ಇರಲಿ. ಈಗಿನ ಕಂಪ್ಯೂಟರ್‌ಗಳು ಈ ಮೊತ್ತವನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ, ಆದರೆ ದಾರಿಯಲ್ಲಿ ಒಂದಿಷ್ಟು ಕಳೆದುಹೋದರೆ ಮತ್ತೆ ಕುಗ್ಗಿಸುತ್ತವೆ. ಅದಕ್ಕೇ ಒಂದೇ ದೊಡ್ಡ ಫೈಲಿನ ಬದಲು ನಾಲ್ಕನ್ನು ಏಕಕಾಲಕ್ಕೆ ಕಳಿಸಿದರೆ ಒಟ್ಟು ವೇಗ ಹೆಚ್ಚುವುದು.

ಪ್ರಶ್ನೆ: 32 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ 6 ಜಿಬಿಯ ಒಂದು ವಿಡಿಯೊ ಹಾಕಿದರೆ ‘ಫೈಲ್ ಬಹಳ ದೊಡ್ಡದು’ ಎನ್ನುತ್ತದೆ.

ಪೆನ್‌ಡ್ರೈವ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವಂತಿಲ್ಲ. ಒಳಗಿರುವುದನ್ನು ಬೇರೆ ಕಡೆ ಎತ್ತಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದದೆ ಇರಬಹುದು, ಟಿವಿಗಾಗಿಯೇ ಆದರೆ ಮೊದಲು ಸಣ್ಣ ಫೈಲು ಹಾಕಿ ನೋಡಿ.

ಪ್ರಶ್ನೆ: ಗದಗದಲ್ಲಿ ನಮ್ಮದು ಡಿಟಿಪಿ ಕೆಲಸ. ಒಂದು ಚಿತ್ರಸಂಪುಟದ ಫೈಲುಗಳು 9 ಜಿಬಿ. 7-ಜಿಪ್‌ನಲ್ಲಿ ತುಂಡು ಮಾಡಿ ಟೆಲಿಗ್ರಾಮ್‌ನಲ್ಲಿ ಮುದ್ರಣಾಲಯಕ್ಕೆ ಕಳಿಸಿದೆವು. ಅವರು ಬಿಚ್ಚಿದರೆ ‘ಸಿಆರ್‌ಸಿ ಎರರ್’ ಬರುತ್ತದೆ. ಎಲ್ಲವನ್ನೂ ಮತ್ತೆ ಕಳಿಸಬೇಕೇ?

ಬೇಡ. ಕೆಟ್ಟಿರುವುದು ಬಹುಶಃ ಒಂದೇ ತುಂಡು. ತುಂಡು ಮಾಡುವಾಗ ‘ಸ್ಪ್ಲಿಟ್ ಟು ವಾಲ್ಯೂಮ್ಸ್’ ಎಂಬಲ್ಲಿ 1900ಎಂ ಎಂದು ಕೊಟ್ಟಿದ್ದರೆ ಪ್ರತಿ ತುಂಡೂ ಸರಿಯಾಗಿ 1,99,22,94,400 ಬೈಟ್ ಇರಬೇಕು. ಕೊನೆಯದೊಂದು ಮಾತ್ರ ಚಿಕ್ಕದಿರುತ್ತದೆ. ಮುದ್ರಣಾಲಯದವರು 001, 002, 003 ಎಂದು ಒಂದೊಂದರ ಪ್ರಾಪರ್ಟೀಸ್ ತೆಗೆದು ಬೈಟ್ ಸಂಖ್ಯೆ ಓದಲಿ. ಮಧ್ಯದ ಯಾವುದು ಕಡಿಮೆ ಇದೆಯೋ ಅದು ಅರ್ಧಕ್ಕೆ ಇಳಿದದ್ದು. ಅದೊಂದನ್ನೇ ಮತ್ತೆ ಕಳಿಸಿ.

ಹೆಸರನ್ನೂ ನೋಡಬೇಕು. ಒಂದೇ ತುಂಡು ಎರಡು ಸಲ ಇಳಿದರೆ ಫೋನ್ ಅದರ ಹೆಸರಿಗೆ ಬ್ರಾಕೆಟ್‌ನಲ್ಲಿ 1 ಎಂದು ಸೇರಿಸುತ್ತದೆ. ಆಗ 7-ಜಿಪ್‌ಗೆ ಸರಣಿ ಸಿಗುವುದಿಲ್ಲ. ಎಲ್ಲ ತುಂಡುಗಳೂ ಒಂದೇ ಫೋಲ್ಡರಿನಲ್ಲಿ, ಅದೇ ಹೆಸರಿನಲ್ಲಿ ಇದ್ದು, 001ನ್ನು ಮಾತ್ರ ಬಿಚ್ಚಬೇಕು, ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ.

ಗಾತ್ರ ಸರಿ ಇದ್ದೂ ಎರರ್ ಬಂದರೆ ಹ್ಯಾಶ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತು, ಹೋಲಿಸಿ. 7-ಜಿಪ್ ಇರುವ ಕಂಪ್ಯೂಟರ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಸಿಆರ್‌ಸಿ ಎಸ್‌ಎಚ್‌ಎ’ ಎಂಬ ಮೆನು ಇರುತ್ತದೆ, ಅದರಲ್ಲಿ ಎಸ್‌ಎಚ್‌ಎ-256 ಒತ್ತಿ. 64 ಅಕ್ಷರ-ಅಂಕಿಗಳ ಒಂದು ಸಾಲು ಬರುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬೇರೆಯಾದರೂ ಈ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಫೋನಿನಲ್ಲಿ ಮೊದಲ ಎಂಟು, ಕೊನೆಯ ಎಂಟು ಓದಿ ಹೇಳಿದರೆ ಸಾಕು. ಮುಂದಿನ ಸಲ ಕಳಿಸುವಾಗಲೇ ತುಂಡುಗಳ ಹ್ಯಾಶ್‌ಗಳನ್ನು ಒಂದು ಸಂದೇಶದಲ್ಲಿ ಬರೆದು ಕಳಿಸಿಬಿಡಿ.

ಇನ್ನೊಂದು ಮಾತು. ಚಿತ್ರಗಳನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಬಿಂದು) ಇಟ್ಟಿದ್ದೀರಾ ನೋಡಿ. ಎ4 ಪುಟದ ಬಣ್ಣದ ಚಿತ್ರ, ಮುದ್ರಣದ ನಾಲ್ಕು ಬಣ್ಣಗಳಲ್ಲಿ, 300 ಡಿಪಿಐಗೆ ಹಿಂಡದೆ ಸುಮಾರು 35 ಎಂಬಿ. 600ಕ್ಕೆ ಅದರ ನಾಲ್ಕು ಪಟ್ಟು, 139 ಎಂಬಿ. ಆಫ್‌ಸೆಟ್‌ನಲ್ಲಿ ಫೋಟೊಗಳಿಗೆ 300 ಸಾಕು. ಗೆರೆಚಿತ್ರ, ಹಳೆಯ ಕೈಬರಹದ ಪುಟಗಳಿಗೆ ಮಾತ್ರ 600 ಉಳಿಸಿ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಪುಟ ಕಟ್ಟಿದ್ದರೆ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕಳಿಸಬೇಕು. ಇಲ್ಲದಿದ್ದರೆ 9 ಜಿಬಿ ಸುರಕ್ಷಿತವಾಗಿ ತಲುಪಿಯೂ ಕನ್ನಡದ ಬದಲು ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಪ್ರಶ್ನೆ: ಲಾಗಿನ್ ಇಲ್ಲದೆ ಫೈಲು ಕಳಿಸುವ ಉಚಿತ ತಾಣಗಳನ್ನು ನಂಬಬಹುದೇ?

ಸಾಗಿಸಲು ನಂಬಬಹುದು, ಇಡಲು ನಂಬಬಾರದು. ಇಂಥ ತಾಣಗಳ ಲಿಂಕ್ ಕೆಲವು ದಿನಕ್ಕೆ ಸಾಯುತ್ತದೆ. ತಾಣವೇ ಇಲ್ಲವಾಗುವುದೂ ಉಂಟು. 2020ರ ಮೇ ತಿಂಗಳಲ್ಲಿ ವಿಟ್ರಾನ್ಸ್‌ಫರ್ ಅನ್ನು ಭಾರತದಲ್ಲಿ ನಿರ್ಬಂಧಿಸಲು ದೂರಸಂಪರ್ಕ ಇಲಾಖೆ ಆದೇಶ ಕೊಟ್ಟಿತು, ಅದನ್ನೇ ನೆಚ್ಚಿದ್ದವರಿಗೆ ಇದ್ದಕ್ಕಿದ್ದಂತೆ ದಾರಿ ಮುಚ್ಚಿತು. ಅದೇ ವರ್ಷ ಮೊಜಿಲ್ಲಾದ ಫೈರ್‌ಫಾಕ್ಸ್ ಸೆಂಡ್ ಎಂಬ ಒಳ್ಳೆಯ ಸೇವೆಯನ್ನು ದುಷ್ಕರ್ಮಿಗಳು ವೈರಸ್ ಹರಡಲು ಬಳಸತೊಡಗಿದ್ದರಿಂದ ಮೊದಲು ತಡೆಹಿಡಿದು, ಸೆಪ್ಟೆಂಬರ್‌ನಲ್ಲಿ ಪೂರ್ತಿ ನಿಲ್ಲಿಸಿದರು. ಏನೇ ಕಳಿಸಿದರೂ ಮೂಲ ನಿಮ್ಮ ಬಳಿ ಇರಲಿ, ಕಳಿಸುವ ಮೊದಲು 7-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಮುಚ್ಚಿ.

ಪ್ರಶ್ನೆ: ಅಮ್ಮನ ಸಿ.ಟಿ. ಸ್ಕ್ಯಾನ್ ಸಿ.ಡಿ.ಯಲ್ಲಿದೆ. ಬೇರೆ ಊರಿನ ವೈದ್ಯರ ಅಭಿಪ್ರಾಯ ಕೇಳಬೇಕು. ಫಿಲ್ಮಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಸಾಕೇ?

ಸಾಲದು. ಫಿಲ್ಮಿನ ಫೋಟೊದಲ್ಲಿ ವೈದ್ಯರಿಗೆ ಬೇಕಾದ ಅರ್ಧ ವಿಷಯ ಕಳೆದುಹೋಗಿರುತ್ತದೆ. ಸಿ.ಡಿ.ಯಲ್ಲಿರುವುದು ಡೈಕಾಮ್ ಎಂಬ ರೂಪದ ಚಿತ್ರಗಳು. ಅವುಗಳಲ್ಲಿ ವೈದ್ಯರು ಮೂಳೆ, ಶ್ವಾಸಕೋಶ, ಮೆದು ಭಾಗ ಎಂದು ಬೆಳಕಿನ ಮಟ್ಟ ಬದಲಿಸಿ ಬದಲಿಸಿ ನೋಡಬಹುದು, ಮಿಲಿಮೀಟರ್‌ನಲ್ಲಿ ಅಳೆಯಬಹುದು. ಒಂದು ಪದರ ಸಾಮಾನ್ಯವಾಗಿ 512ಕ್ಕೆ 512 ಬಿಂದುಗಳು, ಬಿಂದುವಿಗೆ 2 ಬೈಟ್, ಅಂದರೆ ಅರ್ಧ ಎಂಬಿ. 500 ಪದರ ಇದ್ದರೆ 260 ಎಂಬಿ ಚಿಲ್ಲರೆ. ಕಳಿಸಲು ಇದು ದೊಡ್ಡದೇ ಅಲ್ಲ.

ಸಿ.ಡಿ.ಯ ಇಡೀ ಒಡಲನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿ. ‘ಡೈಕಾಮ್‌ಡಿರ್’ ಎಂಬ ಫೈಲೂ ಬರಬೇಕು, ಅದು ಒಳಗಿನ ಚಿತ್ರಗಳ ಪಟ್ಟಿ. ಯಾವುದರ ಹೆಸರನ್ನೂ ತಿದ್ದಬೇಡಿ, ವಿಸ್ತರಣೆಯಿಲ್ಲದ ಅಂಕಿಗಳಂತೆ ಕಂಡರೂ ಅವು ಹಾಗೇ ಇರಬೇಕು. 7-ಜಿಪ್‌ನ ‘ಆ್ಯಡ್ ಟು ಆರ್ಕೈವ್’ನಲ್ಲಿ 7ಝಡ್ ರೂಪ ಆರಿಸಿ, ಪಾಸ್‌ವರ್ಡ್ ಕೊಟ್ಟು, ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಗುರುತು ಹಾಕಿ. ಪ್ರತಿ ಚಿತ್ರದ ಒಳಗೂ ಅಮ್ಮನ ಹೆಸರು, ವಯಸ್ಸು ಇರುತ್ತದೆ, ಆದ್ದರಿಂದ ಈ ಹೆಜ್ಜೆ ಬಿಡಬೇಡಿ. ಜಿಪ್ ರೂಪವೇ ಬೇಕೆಂದರೆ ಎನ್‌ಕ್ರಿಪ್ಷನ್ ವಿಧಾನದಲ್ಲಿ ಎಇಎಸ್-256 ಆರಿಸಬೇಕು, ಜಿಪ್‌ಕ್ರಿಪ್ಟೊ ಎಂಬ ಹಳೆಯದು ದುರ್ಬಲ. ಫೈಲು ಹೋದ ದಾರಿಯಲ್ಲೇ ಪಾಸ್‌ವರ್ಡ್ ಕಳಿಸಬಾರದು, ಫೋನ್ ಮಾಡಿ ಹೇಳಿ. ಡ್ರೈವ್ ಮೂಲಕ ಕೊಡುವುದಾದರೆ ‘ಲಿಂಕ್ ಇರುವ ಯಾರಾದರೂ’ ಎಂದು ಬಿಡದೆ ವೈದ್ಯರ ಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ಕೊಡಿ. ಅವರು ಇಳಿಸಿಕೊಂಡ ಮೇಲೆ ತೆಗೆದುಹಾಕಿ. ರೇಡಿಯಾಲಜಿಸ್ಟ್ ವರದಿಯ ಪುಟವನ್ನೂ ಜೊತೆಗಿಡಿ.

ಪ್ರಶ್ನೆ: ನಮ್ಮ 20 ನಿಮಿಷದ ಕಿರುಚಿತ್ರವನ್ನು ಚಿತ್ರೋತ್ಸವದವರು ಡಿಸಿಪಿ ರೂಪದಲ್ಲಿ ಕೇಳಿದ್ದಾರೆ. ನೆಟ್‌ನಲ್ಲಿ ಕಳಿಸುವುದೋ, ಹಾರ್ಡ್ ಡಿಸ್ಕ್ ಕೊರಿಯರ್ ಮಾಡುವುದೋ?

ಥಿಯೇಟರ್‌ನಲ್ಲಿ ತೋರಿಸಲು ಸಿದ್ಧಪಡಿಸುವ ಡಿಜಿಟಲ್ ರೂಪವೇ ಡಿಸಿಪಿ. ಅದರ ಚಿತ್ರಭಾಗ ಸಾಮಾನ್ಯವಾಗಿ ಸೆಕೆಂಡಿಗೆ 250 ಮೆಗಾಬಿಟ್ ಮೀರುವುದಿಲ್ಲ. 20 ನಿಮಿಷಕ್ಕೆ ಹೆಚ್ಚೆಂದರೆ 37.5 ಜಿಬಿ. ಇದನ್ನು ನೆಟ್‌ನಲ್ಲಿ ಧಾರಾಳವಾಗಿ ಕಳಿಸಬಹುದು. ಡಿಸಿಪಿ ಎಂದರೆ ಒಂದು ಫೈಲಲ್ಲ, ಒಂದು ಫೋಲ್ಡರ್. ಚಿತ್ರ ಮತ್ತು ಧ್ವನಿಯ ಎಂಎಕ್ಸ್‌ಎಫ್ ಫೈಲುಗಳ ಜೊತೆ ಅಸೆಟ್‌ಮ್ಯಾಪ್, ಪ್ಯಾಕಿಂಗ್ ಲಿಸ್ಟ್, ಪ್ಲೇಲಿಸ್ಟ್ ಎಂಬ ಸಣ್ಣ ಫೈಲುಗಳು ಇರುತ್ತವೆ. ಇವು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತವೆ. ಒಂದರ ಹೆಸರು ತಿದ್ದಿದರೂ ಥಿಯೇಟರ್‌ನ ಸರ್ವರ್ ಇಡೀ ಚಿತ್ರವನ್ನು ತೆಗೆದುಕೊಳ್ಳುವುದಿಲ್ಲ. ಪ್ಯಾಕಿಂಗ್ ಲಿಸ್ಟ್‌ನಲ್ಲಿ ಪ್ರತಿ ಫೈಲಿನ ಹ್ಯಾಶ್ ಮೊದಲೇ ಬರೆದಿರುತ್ತದೆ. ಡಿಸಿಪಿ-ಒ-ಮ್ಯಾಟಿಕ್ ಎಂಬ ಪ್ರೋಗ್ರಾಂ ಜೊತೆ ಬರುವ ವೆರಿಫೈಯರ್‌ನಲ್ಲಿ ಆ ಕಡೆಯವರು ಫೋಲ್ಡರ್ ತೆರೆದರೆ ಸರಿ ತಪ್ಪು ತಿಳಿಯುತ್ತದೆ. ಪ್ರದರ್ಶನದ ದಿನ ಬೆಳಿಗ್ಗೆ ಅಲ್ಲ, ತಲುಪಿದ ದಿನವೇ ಇದನ್ನು ಮಾಡಲು ಬಿನ್ನವಿಸಿಕೊಳ್ಳಿ.

ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರವಾದರೆ ಇದೇ ಲೆಕ್ಕ 262 ಜಿಬಿವರೆಗೆ ಹೋಗುತ್ತದೆ. 40 ಎಂಬಿಪಿಎಸ್ ಅಪ್‌ಲೋಡ್‌ಗೆ ಹದಿನಾಲ್ಕೂವರೆ ಗಂಟೆ. ಆಗ ಕೊರಿಯರ್ ಯೋಚಿಸಬೇಕು. 2 ಟಿಬಿಯ ಡಿಸ್ಕ್ ಎರಡು ದಿನದಲ್ಲಿ ತಲುಪಿದರೆ ಅದು 92 ಎಂಬಿಪಿಎಸ್ ಲೈನನ್ನು ಹಗಲು ರಾತ್ರಿ ಓಡಿಸಿದ್ದಕ್ಕೆ ಸಮ. ಕಪ್ಪುರಂಧ್ರದ ಮೊದಲ ಚಿತ್ರ ಕೊಟ್ಟ ಈವೆಂಟ್ ಹೊರೈಜನ್ ಟೆಲಿಸ್ಕೋಪ್‌ನವರು 2017ರ ವೀಕ್ಷಣೆಯ ಪೆಟಾಬೈಟ್‌ಗಟ್ಟಲೆ (ಒಂದು ಪೆಟಾಬೈಟ್ ಎಂದರೆ ಹತ್ತು ಲಕ್ಷ ಜಿಬಿ) ಮಾಹಿತಿಯನ್ನು ನೆಟ್‌ನಲ್ಲಿ ಕಳಿಸಲಿಲ್ಲ, ಹಾರ್ಡ್ ಡಿಸ್ಕ್‌ಗಳನ್ನು ವಿಮಾನಕ್ಕೆ ಹಾಕಿದರು. ದಕ್ಷಿಣ ಧ್ರುವದ ಡಿಸ್ಕ್‌ಗಳಂತೂ ಅಲ್ಲಿನ ಚಳಿಗಾಲ ಮುಗಿದು ವಿಮಾನ ಹಾರುವವರೆಗೆ ತಿಂಗಳುಗಟ್ಟಲೆ ಕಾದವು.

ಕಳಿಸುವ ಡಿಸ್ಕ್‌ನ ಫಾರ್ಮ್ಯಾಟ್ ಕೇಳಿಕೊಳ್ಳಿ. ಥಿಯೇಟರ್ ಸರ್ವರ್‌ಗಳು ಲಿನಕ್ಸ್ ಮೇಲೆ ಓಡುವುದರಿಂದ ಇಎಕ್ಸ್‌ಟಿ2 ಅಥವಾ ಇಎಕ್ಸ್‌ಟಿ3 ಎಲ್ಲ ಕಡೆ ನಡೆಯುತ್ತದೆ, ಎಕ್ಸ್‌ಫ್ಯಾಟ್ ಹಲವು ಕಡೆ ಕೈಕೊಡುತ್ತದೆ.

ಪ್ರಶ್ನೆ: ಗ್ರಂಥಾಲಯದ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಫೈಲುಗಳಿಗೆ ಕನ್ನಡದಲ್ಲೇ ಪೂರ್ತಿ ಹೆಸರು ಕೊಟ್ಟಿದ್ದೇವೆ. ವಿಂಡೋಸ್‌ನಲ್ಲಿ ಸರಿ ಇದೆ. ಆಂಡ್ರಾಯ್ಡ್ ಫೋನಿಗೆ ಕಳಿಸಿದರೆ ಕೆಲವು ಫೈಲು ಉಳಿಯುವುದೇ ಇಲ್ಲ, ಕೆಲವು ಜಿಪ್‌ಗಳಲ್ಲಿ ಹೆಸರು ಗಜಿಬಿಜಿ.

ವಿಂಡೋಸ್ ಹೆಸರಿನ ಉದ್ದವನ್ನು ಚಿಹ್ನೆಗಳಲ್ಲಿ ಎಣಿಸುತ್ತದೆ, 255ರವರೆಗೆ. ಲಿನಕ್ಸ್ ಮತ್ತು ಆಂಡ್ರಾಯ್ಡ್ ಬೈಟ್‌ಗಳಲ್ಲಿ ಎಣಿಸುತ್ತವೆ, ಅಲ್ಲಿಯೂ 255. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಆದರೆ ಕನ್ನಡದ ಒಂದು ಚಿಹ್ನೆಗೆ 3. ‘ಶ್ರೀ’ ನಮ್ಮ ಕಣ್ಣಿಗೆ ಒಂದಕ್ಷರ. ಕಂಪ್ಯೂಟರ್‌ಗೆ ಶ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಈಕಾರ ಎಂದು ನಾಲ್ಕು, ಒಟ್ಟು 12 ಬೈಟ್. ಹೀಗೆ 85 ಚಿಹ್ನೆಗೇ ಮಿತಿ ಮುಗಿಯುತ್ತದೆ. ಒತ್ತಕ್ಷರ ಹೆಚ್ಚಿದ್ದರೆ ಐದಾರು ಪದದ ಹೆಸರೇ ಅಲ್ಲಿಗೆ ಮುಟ್ಟಬಹುದು. ಇದು ಕನ್ನಡದ ಕೊರತೆಯಲ್ಲ, ಎಣಿಸುವ ವಿಧಾನದ್ದು.

ಹೆಸರು ಕನ್ನಡದಲ್ಲೇ ಇರಲಿ, ಚಿಕ್ಕದಿರಲಿ. ಪತ್ರಿಕೆಯ ಹೆಸರು, ವರ್ಷ, ತಿಂಗಳ ಅಂಕಿ ಸಾಕು. ಪುಟದ ಫೈಲುಗಳಿಗೆ 001, 002. ಲೇಖನಗಳ ಶೀರ್ಷಿಕೆ, ಲೇಖಕರ ಹೆಸರು ಒಂದು ಎಕ್ಸೆಲ್ ಪಟ್ಟಿಯಲ್ಲಿರಲಿ, ಹುಡುಕುವುದಕ್ಕೂ ಅದೇ ಅನುಕೂಲ. ಕಟ್ಟು ಕಟ್ಟುವಾಗ 7ಝಡ್ ರೂಪ ಬಳಸಿ, ಅದು ಹೆಸರುಗಳನ್ನು ಯೂನಿಕೋಡ್‌ನಲ್ಲೇ ಇಡುತ್ತದೆ. ಹಳೆಯ ಜಿಪ್ ಪ್ರೋಗ್ರಾಂಗಳು ಇಂಗ್ಲಿಷ್ ಮಾತ್ರ ಇದೆ ಎಂದು ಭಾವಿಸಿ ಹೆಸರು ಬರೆಯುವುದರಿಂದ ಗಜಿಬಿಜಿ ಆಗುವುದು. ಈಗಾಗಲೇ ಕೆಟ್ಟ ಜಿಪ್‌ಗಳ ಒಳಗಿನ ಪುಟಗಳು ಕೆಟ್ಟಿರುವುದಿಲ್ಲ, ಮೂಲ ಫೋಲ್ಡರಿನಿಂದ ಮತ್ತೊಮ್ಮೆ ಕಟ್ಟಿ.

ಪ್ರಶ್ನೆ: ನಮ್ಮ ಕಚೇರಿಯ ಮೇಲ್‌ನ ಮಿತಿ 10 ಎಂಬಿ. 8.4 ಎಂಬಿಯ ಪಿಡಿಎಫ್ ವಾಪಸ್ ಬರುತ್ತದೆ.

ಮೇಲ್ ವ್ಯವಸ್ಥೆ ಹುಟ್ಟಿದ್ದು ಅಕ್ಷರ ಸಾಗಿಸಲು. ಪಿಡಿಎಫ್‌ನಂಥದ್ದನ್ನು ಅದು ಅಕ್ಷರಗಳಾಗಿ ಬದಲಿಸಿಕೊಂಡೇ ಒಯ್ಯುತ್ತದೆ: ಪ್ರತಿ 3 ಬೈಟ್‌ಗೆ 4 ಅಕ್ಷರ. ಸಾಲು ಮುರಿಯುವ ಗುರುತುಗಳೂ ಸೇರಿ ಗಾತ್ರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಉಬ್ಬುತ್ತದೆ. ನಿಮ್ಮ 8.4 ದಾರಿಯಲ್ಲಿ 11.5 ಆಗುತ್ತದೆ. 10 ಎಂಬಿ ಮಿತಿಗೆ 7 ಎಂಬಿಯೊಳಗಿನ ಫೈಲು ಕಳಿಸಿ, ದೊಡ್ಡದಿದ್ದರೆ ಲಿಂಕ್ ಕಳಿಸಿ.